ಜೊತೆಗೆ ತಂದ ಲೈಬ್ರರಿ, ಸಿಸ್ಟಂನ ಲೈಬ್ರರಿ

ಕ್ಯೂಟಿ ಎಂಬ ಟೂಲ್‌ಕಿಟ್ಟನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುವವರಿಗೆ ಕಾನ್ಫಿಗರ್ ಹಂತದಲ್ಲೇ ಒಂದು ಆಯ್ಕೆ ಎದುರಾಗುತ್ತದೆ. ಜೆಡ್‌ಲಿಬ್, ಲಿಬ್‌ಪಿಎನ್‌ಜಿ, ಹಾರ್ಫ್‌ಬಜ್ ಎಂಬ ಲೈಬ್ರರಿಗಳಿಗೆ ಕ್ಯೂಟಿ ಜೊತೆಗೆ ಬಂದಿರುವ ಪ್ರತಿಯೇ ಸಾಕೋ, ಸಿಸ್ಟಂನಲ್ಲಿ ಆಗಲೇ ಇರುವುದು ಬೇಕೋ? ನಾನು ‘ಸಿಸ್ಟಂ’ ಎಂದೇ ಕೊಡುವವನು. ಹಾರ್ಫ್‌ಬಜ್ ವಿಷಯದಲ್ಲಂತೂ ಇದಕ್ಕೆ ಕನ್ನಡದ್ದೇ ಕಾರಣವಿದೆ.

ಒತ್ತು ಎಲ್ಲಿ ಕೂರಬೇಕು, ಅರ್ಕಾವತ್ತು ಯಾವ ವ್ಯಂಜನದ ಹಿಂದೆ ಹೋಗಬೇಕು ಎಂದು ನಿರ್ಧರಿಸುವುದು ಹಾರ್ಫ್‌ಬಜ್. ‘ರ‍್ಯಾಂಕ್’ ಪದವನ್ನೇ ನೋಡಿ. ಇಲ್ಲಿ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ಅದಕ್ಕೆಂದೇ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೆಡ್‌ಡಬ್ಲ್ಯುಜೆ ಎಂಬ ಸಂಕೇತ ಇಡುತ್ತೇವೆ. ಹಳೆಯ ರೂಢಿಯ ಪಠ್ಯಗಳಲ್ಲಿ ಅದು ಹಲಂತದ ನಂತರ ಬಂದಿರುವುದೂ ಉಂಟು. ಎರಡೂ ಒಂದೇ ರೀತಿ ಮೂಡಲಿ ಎಂದು ಹಾರ್ಫ್‌ಬಜ್ ಕೋಡಿನಲ್ಲಿ ಕನ್ನಡಕ್ಕೆಂದೇ ಕೆಲವು ಸಾಲು ಸೇರಿಸಿದ್ದಾರೆ. ಆ ಸಾಲುಗಳಿಲ್ಲದ ಹಳೆಯ ಪ್ರತಿಯನ್ನು ಒಳಗಿಟ್ಟುಕೊಂಡ ಪ್ರೋಗ್ರಾಂ ಒಂದಿದ್ದರೆ, ಒಂದೇ ಕಂಪ್ಯೂಟರಿನಲ್ಲಿ, ಒಂದೇ ಫಾಂಟಿನಲ್ಲಿ, ಒಂದೇ ಪದ ಎರಡು ಕಿಟಕಿಗಳಲ್ಲಿ ಎರಡು ತರ ಕಾಣಬಹುದು. ಆಗ ಬೈಗುಳ ಬೀಳುವುದು ಪಾಪ, ಫಾಂಟ್ ಮಾಡಿದವರಿಗೆ.

ಅಕ್ಷರ ಕೆಟ್ಟರೆ ಕಣ್ಣಿಗಾದರೂ ಕಾಣುತ್ತದೆ. ಭದ್ರತೆಯ ಲೋಪ ಹಾಗಲ್ಲ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಚಿತ್ರಗಳನ್ನು ತೆರೆಯುವ ಲಿಬ್‌ವೆಬ್‌ಪಿ ಲೈಬ್ರರಿಯ ಲೋಪ ಹೊರಬಿತ್ತು. ಚಿತ್ರವನ್ನು ಬಿಚ್ಚುವಾಗ ಹಫ್‌ಮನ್ ಟೇಬಲ್ ಕಟ್ಟುವ ಕಡೆ, ಕಾದಿರಿಸಿದ ಮೆಮೊರಿಯ ಆಚೆಗೂ ಬರೆಯುತ್ತಿತ್ತು. ಕೇಡಿಗರು ಹೆಣೆದ ಒಂದು ಚಿತ್ರ ತೆರೆದರೆ ಸಾಕು, ಅಪಾಯ. ಡೆಬಿಯನ್ನಿನಂಥ ಲಿನಕ್ಸ್ ಡಿಸ್ಟ್ರೊದಲ್ಲಿ ಒಂದು ಪ್ಯಾಕೇಜ್ ಬದಲಾಯಿಸಿದರೆ ಅದನ್ನು ಹಂಚಿಕೊಂಡ ಗಿಂಪ್‌ನಂಥವೆಲ್ಲ, ಮುಚ್ಚಿ ತೆರೆದ ಕೂಡಲೇ, ಸರಿಹೋಗುತ್ತವೆ. ಆದರೆ ಸಿಗ್ನಲ್, ಸ್ಲ್ಯಾಕ್, ವಿಎಸ್ ಕೋಡ್‌ನಂಥ ಎಲೆಕ್ಟ್ರಾನ್ ಆಪ್‌ಗಳಲ್ಲಿ ಪ್ರತಿಯೊಂದರ ಹೊಟ್ಟೆಯಲ್ಲೂ ಒಂದೊಂದು ಕ್ರೋಮಿಯಂ ಇದೆ, ಅದರೊಳಗೆ ಒಂದೊಂದು ಲಿಬ್‌ವೆಬ್‌ಪಿ. ಒಂದೊಂದಕ್ಕೂ ಅದರದರ ತಯಾರಕರ ಹೊಸ ಆವೃತ್ತಿ ಬರುವ ತನಕ ಕಾಯಬೇಕು. ಹಂಚಿಕೊಂಡ ಲೈಬ್ರರಿಯಾದರೆ ಎಲ್‌ಡಿಡಿ ಆಜ್ಞೆ ಕೊಟ್ಟೊಡನೆ ಹೆಸರು ಕಾಣುತ್ತದೆ. ಒಳಗೇ ಬೆಸೆದುಕೊಂಡಿದ್ದರೆ ಎಲ್‌ಡಿಡಿ ಬಾಯಿ ಬಿಡುವುದಿಲ್ಲ. ತನ್ನ ಯಂತ್ರದಲ್ಲಿ ಏನಿದೆ ಎಂಬುದೇ ಬಳಕೆದಾರನಿಗೆ ತಿಳಿಯದಂತೆ ಮಾಡುವ ಈ ಪದ್ಧತಿಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಹೀಗೆ ಲೈಬ್ರರಿಯನ್ನು ಜೊತೆಗೇ ತಂದು ಬಂಡಲ್ ಮಾಡುವವರ ವಾದದಲ್ಲೂ ಹುರುಳಿದೆ. ಎಸ್‌ಕ್ಯೂಲೈಟ್ ಬರೆದವರೇ ಇಡೀ ಲೈಬ್ರರಿಯನ್ನು ಒಂದೇ ಸಿ ಕಡತವಾಗಿ ಕೊಟ್ಟು, ನಿಮ್ಮ ಪ್ರೋಗ್ರಾಂ ಜೊತೆ ಕಂಪೈಲ್ ಮಾಡಿಕೊಳ್ಳಿ ಎನ್ನುತ್ತಾರೆ. ಪಠ್ಯ ಹುಡುಕಾಟದಂಥ ಸೌಲಭ್ಯಗಳು ಕಂಪೈಲ್ ಮಾಡುವಾಗಿನ ಆಯ್ಕೆಯನ್ನು ಅವಲಂಬಿಸಿರುವುದರಿಂದ, ಸಿಸ್ಟಂನ ಪ್ರತಿಯಲ್ಲಿ ನಮಗೆ ಬೇಕಾದದ್ದು ಇಲ್ಲದೆಯೂ ಹೋಗಬಹುದು. ಇದನ್ನು ಒಪ್ಪುತ್ತೇನೆ. ಒಪ್ಪಲಾಗದ್ದು ಬೇರೆ: ತಂದ ಲೈಬ್ರರಿಗೆ ತಮ್ಮದೊಂದು ತಿದ್ದುಪಡಿ ಹಾಕಿ, ಅದನ್ನು ಮೂಲಕ್ಕೆ ಕಳಿಸದೆ ಕೈಬಿಡುವುದು. ಅಲ್ಲಿಂದಾಚೆ ಹೊಸ ಆವೃತ್ತಿಗೆ ಹೋಗಲು ಯಾರಿಗೂ ಧೈರ್ಯ ಬರುವುದಿಲ್ಲ.

2024ರಲ್ಲಿ ಎಕ್ಸ್‌ಜೆಡ್ ಲೈಬ್ರರಿಯೊಳಗೆ ಕೇಡಿನ ಕೋಡ್ ಅಡಗಿಸಿಟ್ಟ ಪ್ರಕರಣವನ್ನು ಎತ್ತಿ, ಸಿಸ್ಟಂ ಲೈಬ್ರರಿಯೇ ವಿಷವಾದರೇನು ಗತಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಓಪನ್‌ಎಸ್‌ಎಸ್‌ಎಚ್‌ಗೆ ಆ ಲೈಬ್ರರಿ ಬೇಕಾಗಿಯೇ ಇರಲಿಲ್ಲ. ಕೆಲವು ಡಿಸ್ಟ್ರೊಗಳು ಸಿಸ್ಟಂಡಿಗಾಗಿ ಹಾಕಿದ ಪ್ಯಾಚಿನ ಮೂಲಕ ಹಿಂಬಾಗಿಲಿನಿಂದ ಒಳಬಂದಿತ್ತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾದುದರ ಬೆನ್ನು ಹತ್ತಿ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಆ ಕೋಡನ್ನು ಪತ್ತೆಹಚ್ಚಿದರು. ಹಂಚಿಕೊಂಡ ಲೈಬ್ರರಿಯ ಅಪಾಯ ದೊಡ್ಡದು, ನಿಜ. ಆದರೆ ಸುದ್ದಿ ಬಂದ ಮೇಲೆ ಯಾವ ಪ್ಯಾಕೇಜನ್ನು ಹಿಂದಿನ ಆವೃತ್ತಿಗೆ ತಳ್ಳಬೇಕೆಂದು ಡಿಸ್ಟ್ರೊಗಳು ತಡಕಾಡಬೇಕಾಗಲಿಲ್ಲ.

ಫೆಡೋರಾ 2015ರಲ್ಲಿ ತನ್ನ ಕಟ್ಟುನಿಟ್ಟನ್ನು ಸಡಿಲಿಸಿ ಬಂಡಲ್ ಮಾಡಲು ಅವಕಾಶ ಕೊಟ್ಟಿತು. ಅದಕ್ಕಿಟ್ಟ ಷರತ್ತುಗಳಲ್ಲಿ ಒಂದು ಇದು: ಒಳಗೆ ಯಾವ ಲೈಬ್ರರಿ ಇದೆ ಎಂಬುದನ್ನು ಪ್ಯಾಕೇಜಿನ ಸ್ಪೆಕ್ ಕಡತದಲ್ಲಿ ಬರೆಯಲೇಬೇಕು, ಆವೃತ್ತಿ ಗೊತ್ತಿದ್ದರೆ ಅದನ್ನೂ. ನಾಳೆ ಲೋಪವೊಂದು ಹೊರಬಿದ್ದರೆ ಆ ಹೆಸರು ಹುಡುಕಿ, ಯಾವ ಯಾವ ಪ್ಯಾಕೇಜ್ ಮತ್ತೆ ಬಿಲ್ಡ್ ಆಗಬೇಕೆಂದು ಪಟ್ಟಿ ಮಾಡಬಹುದು. ಎಲೆಕ್ಟ್ರಾನ್ ಆಪ್ ಮಾರುವವರೂ ತಮ್ಮ ಡೌನ್‌ಲೋಡ್ ಪುಟದಲ್ಲಿ ಇಷ್ಟನ್ನು ಬರೆಯಲಿ.