ಪೋಲೀಸ್ ರಿವಾಲ್ವರು: ಸಂಗ್ರಾಹಕನ ರಸದೃಷ್ಟಿ

ಹಳೆಯ ನಾಣ್ಯ, ಅಂಚೆಚೀಟಿ, ಹಿತ್ತಾಳೆಯ ದೀಪಗಳನ್ನು ಕೂಡಿಹಾಕುವವರನ್ನು ನಾವೆಲ್ಲ ಬಲ್ಲೆವು. ಅಮೆರಿಕದಲ್ಲಿ, ಪೋಲೀಸರು ಸೊಂಟದಲ್ಲಿ ಹೊತ್ತು ತಿರುಗಿದ ಹಳೆಯ ರಿವಾಲ್ವರುಗಳನ್ನು ಕೂಡಿಹಾಕುವ ದೊಡ್ಡ ಬಳಗವೇ ಇದೆ. ಆಯುಧದ ಮಾತು ಸಾಹಿತ್ಯದ ಪುಟದಲ್ಲಿ ಏಕೆಂದು ವಾಚಕರು ಹುಬ್ಬೇರಿಸಬಹುದು. ಈ ಬಳಗದವರು ತಮ್ಮ ವಸ್ತುವನ್ನು ಪರೀಕ್ಷಿಸುವ ಕ್ರಮ ನಮ್ಮ ಗ್ರಂಥಸಂಪಾದಕರು ಓಲೆಗರಿಯನ್ನು ಪರೀಕ್ಷಿಸುವ ಕ್ರಮಕ್ಕೆ ತೀರ ಹತ್ತಿರವಾದದ್ದು. ಅವರ ಗುಣಗಳೂ ನಮ್ಮವೇ, ದೋಷಗಳೂ ನಮ್ಮವೇ.

ಚರಿತ್ರೆಯನ್ನು ಎರಡು ಮಾತಿನಲ್ಲಿ ಮುಗಿಸಬಹುದು. 1896ರಲ್ಲಿ ನ್ಯೂಯಾರ್ಕಿನ ಪೋಲೀಸ್ ಮಂಡಲಿಯ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್, ಮುಂದೆ ರಾಷ್ಟ್ರಾಧ್ಯಕ್ಷರಾದವರು, ತಮ್ಮ ಪಡೆಗೆಲ್ಲ .32 ಅಳತೆಯ ಕೋಲ್ಟ್ ರಿವಾಲ್ವರೊಂದನ್ನೇ ಗೊತ್ತುಮಾಡಿದರು. ಅದಕ್ಕೆ ಮುಂಚೆ ಒಬ್ಬೊಬ್ಬ ಪೇದೆಯ ಬಳಿ ಒಂದೊಂದು ಬಗೆ. 1899ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ 'ಮಿಲಿಟರಿ ಅಂಡ್ ಪೋಲೀಸ್' ಬಂದಿತು. 1957ರಲ್ಲಿ ಅದಕ್ಕೆ 'ಮಾಡೆಲ್ 10' ಎಂದು ನಾಮಕರಣವಾಯಿತು. ಅರುವತ್ತು ಲಕ್ಷಕ್ಕೂ ಮಿಕ್ಕಿ ತಯಾರಾದ ಆಯುಧ ಅದು. 1927ರಲ್ಲಿ ಕೋಲ್ಟ್ ಕಂಪನಿಯ 'ಅಫಿಷಿಯಲ್ ಪೋಲೀಸ್'. 1980ರ ದಶಕದಿಂದೀಚೆಗೆ ಅಲ್ಲಿನ ಇಲಾಖೆಗಳು ಹೆಚ್ಚು ಗುಂಡು ಹಿಡಿಯುವ ಪಿಸ್ತೂಲುಗಳಿಗೆ ಮನಸೋತು, ಹಳೆಯವನ್ನು ವ್ಯಾಪಾರಿಗಳಿಗೆ ಒಪ್ಪಿಸಿ ಹೊಸದನ್ನು ತಂದವು. ನ್ಯೂಯಾರ್ಕಿನಲ್ಲಿ ಹಳೆಯ ಅಭ್ಯಾಸ ಬಿಡದ ಕೆಲವರು 2018ರ ವರೆಗೂ ರಿವಾಲ್ವರನ್ನೇ ಹೊತ್ತರು. ಹೀಗೆ ಇಲಾಖೆ ಬಿಸುಟದ್ದು ಸಂಗ್ರಾಹಕನ ಗಾಜಿನ ಪೆಟ್ಟಿಗೆಗೆ ಬಂದಿತು.

ಸಂಗ್ರಾಹಕ ಮೊದಲು ನೋಡುವುದು ಮೈಬಣ್ಣವನ್ನು. ಆ ಕರಿನೀಲಿ ಬಳಿದ ಬಣ್ಣವಲ್ಲ. ಉಕ್ಕಿನ ಮೈಯನ್ನೇ ಹದವರಿತು ಒಂದು ಬಗೆಯ ತುಕ್ಕಾಗಿಸಿ ಬರಿಸಿದ ಹೊಳಪು. ತುಕ್ಕನ್ನು ತಡೆಯಲು ತುಕ್ಕನ್ನೇ ಕಾವಲಿಟ್ಟಂತೆ! ಅದು ಬಹಳ ತೆಳು. ಚರ್ಮದ ಒರೆಗೆ ಉಜ್ಜಿ ಉಜ್ಜಿ ನಳಿಗೆಯ ತುದಿಯಲ್ಲಿ, ಗುಂಡು ತುಂಬುವ ಸಿಲಿಂಡರಿನ ಅಂಚಿನಲ್ಲಿ ಬೆಳ್ಳಗಾಗುತ್ತದೆ. ಹಿಡಿಯ ಮರದಲ್ಲಿ ಕೊರೆದ ಗೀಟುಗಳು ಒಳಬದಿಯಲ್ಲಿ ಚೂಪಾಗಿಯೇ ಉಳಿದು, ಗೋಡೆ ಬಾಗಿಲುಗಳಿಗೆ ತಗಲುವ ಹೊರಬದಿಯಲ್ಲಿ ಸವೆದಿರುತ್ತವೆ. ಆದರೆ ನಳಿಗೆಯೊಳಗೆ ಇಣುಕಿದರೆ ಕನ್ನಡಿ. ಹೊತ್ತದ್ದು ಬಹಳ, ಹಾರಿಸಿದ್ದು ಅಲ್ಪ: ಪೋಲೀಸಿನವನ ಇಡೀ ಜೀವಮಾನವನ್ನು ಉಕ್ಕು ಹೀಗೆ ಬರೆದಿಟ್ಟಿದೆ. ಇದನ್ನು ಓದಬಲ್ಲವನನ್ನು ಸಹೃದಯನೆಂದು ಕರೆಯಲು ನನಗೆ ಸಂಕೋಚವಿಲ್ಲ.

ಸವೆದದ್ದಕ್ಕೆ ಯಾರಾದರೂ ಹೊಸ ಹೊಳಪು ಕೊಡಿಸಿದರೋ, ಬೆಲೆ ಬಿದ್ದುಹೋಗುತ್ತದೆ. ಮುಕ್ಕಾದ ಗರಿಯಲ್ಲಿ ತನ್ನ ಪದ್ಯಪಾದವನ್ನು ತುಂಬಿ ಕವಿಯದೆಂದು ಸಾಗಿಸಿದ ಸಂಪಾದಕನಿಗೆ ನಾವು ಕೊಡುವ ಮರ್ಯಾದೆಯೇ ಅವನಿಗೂ. ಹಿಡಿಯ ಮರದ ಒಳಮೈಯಲ್ಲಿ ಕಾರ್ಖಾನೆಯವರು ಗುರುತಿಸಿದ ಸಂಖ್ಯೆ ಉಕ್ಕಿನ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. 'ಕೋವಿಯನ್ನು ಕೊಳ್ಳು, ಕತೆಯನ್ನು ಕೊಳ್ಳಬೇಡ' ಎಂಬುದು ಅವರ ಬಳಗದ ಗಾದೆ. ಕವಿಚರಿತೆ ಬರೆಯಹೊರಟವರೆಲ್ಲ ಮೇಜಿನ ಮೇಲೆ ಅಂಟಿಸಿಕೊಳ್ಳಬೇಕಾದ ಮಾತು!

ನನ್ನ ತಕರಾರು ಇಲ್ಲಿಂದ ಮುಂದಿನದು. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲವರು ಕೊನೆಗೆ ಬೆಲೆ ಕಟ್ಟುವಾಗ ಶೇಕಡಾ ಲೆಕ್ಕಕ್ಕೆ ಇಳಿಯುತ್ತಾರೆ: ಹೊಳಪು 80 ಉಳಿದಿದೆ, 95 ಉಳಿದಿದೆ, 98 ಉಳಿದಿದೆ. ಮೂವತ್ತು ವರ್ಷ ಮಳೆಯಲ್ಲಿ ಗಸ್ತು ತಿರುಗಿದ್ದಕ್ಕಿಂತ ಠಾಣೆಯ ಬೀರುವಿನಲ್ಲಿ ಮಲಗಿದ್ದದ್ದೇ ಮೇಲು. ಪೋಲೀಸಿನವನು ಹೊತ್ತದ್ದೆಂಬ ಕಾರಣಕ್ಕೆ ಹುಡುಕಿ, ಅವನು ಹೊತ್ತ ಗುರುತೇ ಇಲ್ಲದ್ದನ್ನು ಮೆಚ್ಚುವ ರಸಿಕತೆಯನ್ನು ಏನೆನ್ನೋಣ? ಯಾರೂ ಓದದ ಪ್ರತಿಯೇ ಶುದ್ಧಪ್ರತಿ ಎಂದಂತಾಯಿತು.

ಇನ್ನೊಂದು ಮೌನ ಇದಕ್ಕಿಂತ ದೊಡ್ಡದು. ಐರ್ಲೆಂಡಿನ ಉದಾಹರಣೆ ತೆಗೆದುಕೊಳ್ಳಿ. ಬ್ರಿಟಿಷರ ಆಳ್ವಿಕೆಯಲ್ಲಿ ಅಲ್ಲಿದ್ದ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿ ಎಂಬ ಪೋಲೀಸ್ ಪಡೆ 1868ರಲ್ಲಿ ವೆಬ್ಲಿ ರಿವಾಲ್ವರನ್ನು ಸ್ವೀಕರಿಸಿತು; ಆ ಮಾದರಿಗೆ ಪಡೆಯ ಹೆಸರೇ ನಿಂತಿತು. 1922ರಲ್ಲಿ ಪಡೆ ವಿಸರ್ಜನೆಯಾಯಿತು, ರಿವಾಲ್ವರು ಸಂಗ್ರಹಯೋಗ್ಯವಾಯಿತು. ಈ ಆಯುಧದ ಮುಂದೆ ನಿಂತವರು ಯಾರು? ಗೇಣಿ ಕೊಡಲಾರದೆ ಮನೆ ಬಿಡಬೇಕಾಗಿ ಬಂದ ರೈತರೂ ಅವರಲ್ಲಿದ್ದರು. ನಮಗೂ ಇದು ದೂರದ ಕತೆಯಲ್ಲ: 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಪೋಲೀಸ್ ಪಡೆ ಕಟ್ಟಿದ್ದು ಈ ಐರಿಷ್ ಮೇಲ್ಪಂಕ್ತಿಯ ಮೇಲೆಯೇ. ನಳಿಗೆಯ ಇತ್ತ ಕಡೆಯವನನ್ನು ಮಾತ್ರ ಕಂಡು ಬರೆದ ವರ್ಣನೆ ಅರ್ಧ ವರ್ಣನೆ.

ನಮ್ಮ ವೀರಗಲ್ಲುಗಳಲ್ಲಿಯೂ ಆಯುಧವಿದೆ. ಆದರೆ ಅದು ಒಬ್ಬನ ಕೈಯಲ್ಲಿದೆ. ಎದುರಾಳಿಯೂ ಅದೇ ಹಲಗೆಯಲ್ಲಿ ಇದ್ದಾನೆ. ಬರೆಹವಿದ್ದರೆ ಸತ್ತವನ ಹೆಸರು, ತುರುಗಳನ್ನು ಕಾಯ್ದ ಊರು ಕೂಡ ತಿಳಿಯುತ್ತದೆ. ಕಂಡರಿಸಿದವನಿಗೆ ಕತ್ತಿಯ ಹೊಳಪು ಶೇಕಡಾ ಎಷ್ಟೆಂಬ ಚಿಂತೆ ಇರಲಿಲ್ಲ. ಸಂಗ್ರಾಹಕನ ಪೆಟ್ಟಿಗೆಯಲ್ಲಿ ಆಯುಧವಿದೆ, ಕೈ ಇಲ್ಲ.

ಕೈಯನ್ನು ಹುಡುಕುವುದು ಸುಲಭವಲ್ಲ, ಒಪ್ಪುತ್ತೇನೆ. ಹಣ ತೆತ್ತರೆ ಕಾರ್ಖಾನೆಯ ಕಡತದಿಂದ ಒಂದು ಪತ್ರ ದೊರೆಯುತ್ತದೆ. ಈ ಸಂಖ್ಯೆಯದು ಯಾವ ದಿನ ಹೊರಟಿತು, ಯಾವ ಅಂಗಡಿಗೆ ಅಥವಾ ಯಾವ ಇಲಾಖೆಗೆ ಹೋಯಿತು ಎಂಬಷ್ಟನ್ನು ಅದು ಹೇಳುತ್ತದೆ. ಯಾವ ಪೇದೆಗೆ ಕೊಟ್ಟರೆಂಬುದು ಠಾಣೆಯ ದಾಖಲೆಗೆ ಸೇರಿದ್ದು. ಇಲ್ಲವೇ ಅವನ ಮನೆಯವರ ಬಳಿ ಒರೆ, ಬಿಲ್ಲೆ, ಒಂದು ಭಾವಚಿತ್ರ ಒಟ್ಟಿಗೆ ಉಳಿದಿರಬೇಕು. ವ್ಯಾಪಾರಿಯ ಕೈಗೆ ಬಂದೊಡನೆ ಇವು ಚೆದರುವುದುಂಟು: ಒರೆ ಒಬ್ಬನಿಗೆ, ಬಿಲ್ಲೆ ಇನ್ನೊಬ್ಬನಿಗೆ. ಬಿಡಿಬಿಡಿಯಾಗಿ ಹೆಚ್ಚು ಹುಟ್ಟುತ್ತದಂತೆ!

ನಮ್ಮಲ್ಲಿ ಈ ಹವ್ಯಾಸಕ್ಕೆ ಕಾನೂನೇ ಎಡೆಗೊಡದು. 2019ರ ತಿದ್ದುಪಡಿಯ ತರುವಾಯ ಸಾಮಾನ್ಯ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪಿತ್ರಾರ್ಜಿತವೂ ಆ ಲೆಕ್ಕದಲ್ಲಿಯೇ ಸೇರುತ್ತದೆ. ಆದರೆ ನಿವೃತ್ತ ದಫೇದಾರರ ಮನೆಗಳ ಟ್ರಂಕುಗಳಲ್ಲಿ ಚರ್ಮದ ಪಟ್ಟಿ, ಬಿಲ್ಲೆ, ವರ್ಗಾವಣೆಯ ಹುಕುಮುಗಳು ಇನ್ನೂ ಇವೆ. ಅವಕ್ಕೆ ಲೈಸೆನ್ಸು ಬೇಕಿಲ್ಲ. ಅವನ್ನು ಕೇಳಿಕೊಂಡು ಹೋದವರು ಮಾತ್ರ ವಿರಳ.