ಉಳಿದುದರಲ್ಲಿ ಐದರಲ್ಲೊಂದು ಪಾಲು

ಒಂದು ರಾಶಿ ಮಾವಿನಹಣ್ಣು. ಅದರಲ್ಲಿ ಆರರಲ್ಲೊಂದು ಪಾಲನ್ನು ರಾಜ ತೆಗೆದುಕೊಂಡ. ಉಳಿದುದರಲ್ಲಿ ಐದರಲ್ಲೊಂದು ಪಾಲು ರಾಣಿಗೆ ಹೋಯಿತು. ಆಮೇಲೆ ಮೂವರು ರಾಜಕುಮಾರರು ಒಬ್ಬರ ಹಿಂದೊಬ್ಬರು ಬಂದು, ಉಳಿದುದರ ಕಾಲು ಭಾಗ, ಮೂರರಲ್ಲೊಂದು ಭಾಗ, ಅರ್ಧ ಭಾಗ ಎಂದು ಎತ್ತಿಕೊಂಡರು. ಕಡೆಗೆ ಬಂದ ಕಿರಿಯ ಕೂಸಿಗೆ ಸಿಕ್ಕಿದ್ದು ಮೂರೇ ಹಣ್ಣು. ಹಾಗಾದರೆ ರಾಶಿಯಲ್ಲಿ ಇದ್ದ ಹಣ್ಣೆಷ್ಟು?

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಬರುವ ಲೆಕ್ಕದ ಸಾರ ಇದು. ಗ್ರಂಥದ ಭಾಷೆ ಸಂಸ್ಕೃತ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅದನ್ನು ಮದರಾಸಿನಿಂದ ಹೊರತಂದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಯಿತು. ಕನ್ನಡದಲ್ಲೇ ಗಣಿತ ಬರೆದವನು ಬೇಕೆಂದರೆ 12ನೆಯ ಶತಮಾನದ ರಾಜಾದಿತ್ಯನಿದ್ದಾನೆ. ಅವನ ‘ವ್ಯವಹಾರಗಣಿತ’ ಈ ನೆಲದ ವ್ಯಾಪಾರದ ಲೆಕ್ಕಗಳನ್ನು ಪದ್ಯದಲ್ಲಿ ಕಟ್ಟಿಕೊಟ್ಟ ಕೃತಿ. ಆದರೆ ಹಂತಹಂತವಾಗಿ ಸಾಗುವ ಬಾಯಿಲೆಕ್ಕ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಮೊದಲು ತೋರಿಸಬೇಕಾದದ್ದು ಈ ಮಾವಿನ ರಾಶಿಯನ್ನೇ.

ಇದನ್ನು ಬಿಡಿಸಲು ಕಾಗದ ಬೇಡ, ಹಿಂದಿನಿಂದ ನಡೆದರೆ ಸಾಕು. ಕೊನೆಯ ರಾಜಕುಮಾರ ಅರ್ಧ ಎತ್ತಿಕೊಂಡ ಮೇಲೆ ಮೂರು ಉಳಿಯಿತೆಂದರೆ ಅವನು ಬಂದಾಗ ಆರಿತ್ತು. ಅವನಿಗೆ ಮುಂಚೆ ಬಂದವನು ಮೂರರಲ್ಲೊಂದು ಒಯ್ದು ಆರು ಬಿಟ್ಟನೆಂದರೆ ಅವನೆದುರು ಒಂಬತ್ತಿತ್ತು. ಹೀಗೇ ಹನ್ನೆರಡು, ಹದಿನೈದು, ಕಡೆಗೆ ಹದಿನೆಂಟು. ಈಗ ಮುಂದಿನಿಂದ ಒಮ್ಮೆ ನೋಡಬೇಕು: ರಾಜನಿಗೆ ಮೂರು, ರಾಣಿಗೆ ಮೂರು, ರಾಜಕುಮಾರರಿಗೆ ತಲಾ ಮೂರು, ಕೂಸಿಗೂ ಮೂರು. ಆರರಲ್ಲೊಂದು, ಐದರಲ್ಲೊಂದು, ಕಾಲು, ಅರ್ಧ ಎಂದು ಕಿವಿಗೆ ಬೇರೆ ಬೇರೆಯಾಗಿ ಬಿದ್ದ ಪಾಲುಗಳೆಲ್ಲ ಸರಿಸಮವಾಗಿ ಹಂಚಿಹೋಗಿವೆ. ಬಿಡಿಸಿದವರಿಗಷ್ಟೇ ಕಾಣುವ ಈ ಸಮಪಾಲು ಲೆಕ್ಕ ಕಟ್ಟಿದವನ ಕುಶಲತೆ.

ಅದಕ್ಕಿಂತ ದೊಡ್ಡ ಕುಶಲತೆ ಇನ್ನೊಂದಿದೆ. ಕೇಳುವವರ ಗಮನ ತಪ್ಪಿ, ‘ಉಳಿದುದರಲ್ಲಿ’ ಎಂಬುದು ಕಿವಿಗೆ ಬೀಳಲಿಲ್ಲ ಎಂದುಕೊಳ್ಳೋಣ. ಆಗ ಎಲ್ಲರೂ ಇಡೀ ರಾಶಿಯಿಂದಲೇ ಪಾಲು ಎತ್ತಿದಂತಾಗುತ್ತದೆ. ಐವರ ಪಾಲು ಕೂಡಿದರೆ ಅರವತ್ತರಲ್ಲಿ ಎಂಬತ್ತೇಳು ಭಾಗ, ಅಂದರೆ ಇರುವ ಹಣ್ಣಿಗಿಂತ ಹೆಚ್ಚು. ಇನ್ನೊಬ್ಬರು ಅರ್ಧ ಕೇಳಿಸಿಕೊಂಡು, ರಾಣಿ ಹೋದ ಮೇಲೆ ಉಳಿದ ರಾಶಿಯಿಂದಲೇ ಮೂವರು ರಾಜಕುಮಾರರೂ ತಂತಮ್ಮ ಪಾಲು ಎತ್ತಿದರು ಎಂದು ತಿಳಿದರೆ? ಕಾಲು, ಮೂರರಲ್ಲೊಂದು, ಅರ್ಧ ಕೂಡಿ ಹನ್ನೆರಡರಲ್ಲಿ ಹದಿಮೂರು ಭಾಗ. ಅದೂ ಆಗದ ಮಾತು. ತಪ್ಪಾಗಿ ಕೇಳಿಸಿಕೊಂಡವರಿಗೆ ಇಲ್ಲಿ ಉತ್ತರವೇ ಹುಟ್ಟುವುದಿಲ್ಲ. ‘ಇನ್ನೊಂದು ಸಲ ಕೇಳು’ ಎಂದು ಲೆಕ್ಕವೇ ಅವರನ್ನು ವಾಪಸು ಕಳಿಸುತ್ತದೆ. ಒಳ್ಳೆಯ ಬಾಯಿಲೆಕ್ಕವನ್ನು ಅಳೆಯಲು ಇದಕ್ಕಿಂತ ಗಟ್ಟಿಯಾದ ಅಳತೆ ಸಿಗುವುದು ಕಷ್ಟ.

ಹಳ್ಳಿಗಳಲ್ಲಿ ಕೇಳುವ ಹಕ್ಕಿ ಲೆಕ್ಕವನ್ನೂ ಇದೇ ಅಳತೆಗೆ ಹಚ್ಚಬಹುದು. ಹಾರಿ ಹೋಗುವ ಹಿಂಡನ್ನು ಕಂಡು ಒಂಟಿ ಹಕ್ಕಿಯೊಂದು ನೀವು ನೂರು ಜನವೇ ಎಂದು ಕೇಳುತ್ತದೆ. ಅಲ್ಲ, ನಾವಿರುವಷ್ಟಕ್ಕೆ ಇನ್ನೂ ಅಷ್ಟು, ನಮ್ಮ ಅರ್ಧ, ಆ ಅರ್ಧದ ಅರ್ಧ, ಜತೆಗೆ ನೀನೂ ಸೇರಿದರೆ ನೂರು ಎಂಬುದು ಹಿಂಡಿನ ಜವಾಬು. ಉತ್ತರ ಮೂವತ್ತಾರು: 36, ಮತ್ತೆ 36, 18, 9, ಒಂದು. ‘ನಮ್ಮ ಅರ್ಧ’ ಎಂದದ್ದನ್ನು ಅಲ್ಲಿಯವರೆಗೆ ಕೂಡಿದ್ದರ ಅರ್ಧ ಎಂದು ತಿಳಿದವರಿಗೆ ಹಕ್ಕಿಗಳು ಭಿನ್ನರಾಶಿಯಲ್ಲಿ ಬರುತ್ತವೆ, ಅಲ್ಲಿಗೇ ತಪ್ಪು ಗೊತ್ತಾಗುತ್ತದೆ. ಇದರ ನೆಂಟ ದೂರದ ಯುರೋಪಿನಲ್ಲೂ ಇದ್ದಾನೆ. ಷಾರ್ಲಮೇನ್ ದೊರೆಯ ಆಸ್ಥಾನದಲ್ಲಿದ್ದ, 804ರಲ್ಲಿ ತೀರಿಕೊಂಡ ಅಲ್ಕುಯಿನ್ ಎಂಬ ವಿದ್ವಾಂಸನ ಹೆಸರಿನಲ್ಲಿರುವ ಲ್ಯಾಟಿನ್ ಲೆಕ್ಕಗಳ ಸಂಗ್ರಹದಲ್ಲಿ ಹಕ್ಕಿಗಳ ಬದಲು ದಾರಿಯಲ್ಲಿ ಎದುರಾದ ಜನರಿದ್ದಾರೆ. ಅಲ್ಲಿ ಕೇಳುವುದು ಇಮ್ಮಡಿಯಾದ ಗುಂಪಿನ ಅರ್ಧದ ಅರ್ಧವನ್ನು. ಎಪ್ಪತ್ತೆರಡರ ಅರ್ಧದ ಅರ್ಧವೂ ಹದಿನೆಂಟೇ. ಮಾತಿನ ದಾರಿ ಬೇರೆಯಾದರೂ ಉತ್ತರ ಅದೇ ಮೂವತ್ತಾರು.

ಕೊಳ್ಳೇಗಾಲದಿಂದ ಹನೂರು ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿ ಸಿಗುತ್ತದೆ. ಮಾದಪ್ಪನಿಗೆ ಉಘೇ ಎನ್ನುತ್ತ ನಡೆದು ಹೋಗುವ ಪರಸೆಯವರನ್ನು ನೋಡುತ್ತಲೇ ಬೆಳೆಯುವ ಇಲ್ಲಿನ ಮಕ್ಕಳಿಗೆ ಮೂರು ಕೊಳ, ಮೂರು ಗುಡಿಯ ಲೆಕ್ಕ ಹೇಳಿ ಮಾಡಿಸಿದಂತಿದೆ. ಭಕ್ತನೊಬ್ಬ ಒಂದಿಷ್ಟು ಹೂವು ಹಿಡಿದು ಹೊರಟ. ದಾರಿಯಲ್ಲಿ ಕೊಳ, ಅದರಲ್ಲಿ ಅದ್ದಿದರೆ ಹೂವು ಎರಡರಷ್ಟಾಗುತ್ತವೆ. ಮುಂದೆ ಗುಡಿ, ಅಲ್ಲಿ ಒಂದಿಷ್ಟು ಹೂವು ಏರಿಸಿದ. ಹೀಗೆ ಮೂರು ಸಲ. ಪ್ರತಿ ಗುಡಿಗೂ ಏರಿಸಿದ್ದು ಒಂದೇ ಲೆಕ್ಕದ ಹೂವು. ಮೂರನೆಯ ಗುಡಿಯಲ್ಲಿ ಏರಿಸಿದಾಗ ಕೈ ಖಾಲಿ. ತಂದ ಹೂವೆಷ್ಟು, ಏರಿಸಿದ್ದೆಷ್ಟು? ಕೌದಳ್ಳಿಯ ಮನೆಯೊಂದರ ಜಗಲಿಯಲ್ಲಿ ಅಜ್ಜಿ ಮೊಮ್ಮಗುವಿಗೆ ಇದನ್ನು ಒಡ್ಡಿದರೆ ಮಾತು ಹೀಗೆ ಸಾಗೀತು:

“ಕೂಸು, ಮೊದ್ಲು ಕೊಳ, ಆಮೇಲ ಗುಡಿ. ಗ್ಯಾನ ಮಡಿಕೊ.”

“ಮೂರ್ ಗುಡಿಗೂ ಒಂದೇ ಸಮ ಹಾಕ್ಬೇಕಾ ಅಜ್ಜಿ?”

“ಊಂ, ಒಂದೇ ಸಮ. ಕಡೇ ಗುಡೀಲಿ ಒಂದೂ ಉಳೀಕೂಡದು.”

ಉತ್ತರ: ತಂದದ್ದು ಏಳು, ಏರಿಸಿದ್ದು ಎಂಟೆಂಟು. ಏಳು ಹದಿನಾಲ್ಕಾಗಿ, ಎಂಟು ಹೋಗಿ ಆರು. ಆರು ಹನ್ನೆರಡಾಗಿ, ಎಂಟು ಹೋಗಿ ನಾಲ್ಕು. ನಾಲ್ಕು ಎಂಟಾಗಿ, ಎಂಟೂ ಗುಡಿಗೆ. ಇಲ್ಲೂ ಬಿಡಿಸುವ ದಾರಿ ಕೊನೆಯಿಂದ ಮೊದಲಿಗೆ. 499ರ ಆರ್ಯಭಟೀಯದಲ್ಲೇ ಈ ವಿಲೋಮ ಕ್ರಮ ಇದೆ: ಗುಣಿಸಿದ್ದನ್ನು ಭಾಗಿಸು, ಕೂಡಿದ್ದನ್ನು ಕಳೆ ಎಂಬ ವಿಧಾನ.

ಇಷ್ಟು ಚೆಂದದ ಲೆಕ್ಕದಲ್ಲಿ ಎರಡು ಕುಂದುಗಳಿವೆ. ಅಜ್ಜಿಯ ಮಾತಿನಲ್ಲಿ ಕೊಳ, ಗುಡಿ ಅದಲುಬದಲಾಗಿ, ಗುಡಿಯೇ ಮೊದಲು ಬಂದಿತೆನ್ನಿ. ಆಗ ಏಳರಲ್ಲಿ ನಾಲ್ಕು ಏರಿಸಿ ಮೂರು, ಕೊಳದಲ್ಲಿ ಆರು, ನಾಲ್ಕು ಏರಿಸಿ ಎರಡು, ಕೊಳದಲ್ಲಿ ನಾಲ್ಕು, ಆ ನಾಲ್ಕೂ ಮೂರನೆಯ ಗುಡಿಗೆ. ತಂದದ್ದು ಆಗಲೂ ಏಳೇ, ಏರಿಸಿದ್ದು ಮಾತ್ರ ಎಂಟರ ಬದಲು ನಾಲ್ಕು! ತಪ್ಪು ಕೇಳಿಸಿಕೊಂಡವರಿಗೂ ಪೂರ್ಣಾಂಕದ ಉತ್ತರ ಕೈಗೆ ಸಿಗುತ್ತದೆ, ಎಡವಿದ್ದು ಗೊತ್ತೇ ಆಗುವುದಿಲ್ಲ. ಮಾವಿನ ರಾಶಿಗಿದ್ದ ಕಾವಲು ಇದಕ್ಕಿಲ್ಲ. ಎರಡನೆಯದು, ಹದಿನಾಲ್ಕು ಹೂವು ತಂದು ಹದಿನಾರು ಏರಿಸಿದರೂ, ಇಪ್ಪತ್ತೊಂದು ತಂದು ಇಪ್ಪತ್ತನಾಲ್ಕು ಏರಿಸಿದರೂ ಲೆಕ್ಕ ಕೂಡುತ್ತದೆ. ‘ಆದಷ್ಟು ಕಡಿಮೆ ಹೂವು’ ಎಂಬ ಮಾತು ಸೇರಿಸದೆ ಕೇಳಿದರೆ, ಹದಿನಾಲ್ಕು ಎಂದ ಮಗುವನ್ನು ತಪ್ಪೆನ್ನುವ ಹಕ್ಕು ಕೇಳಿದವರಿಗಿಲ್ಲ. ಕೇಳುವವರ ಶಿಸ್ತಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೇಳುವವರ ಶಿಸ್ತೂ ಅಷ್ಟೇ ಮುಖ್ಯ, ಅದರ ಬಗ್ಗೆ ಮಾತು ಬರುವುದು ಅಪರೂಪ.

ಈ ಸೀಮೆಗೆ ಬಾಯಿಲೆಕ್ಕ ಬರೀ ಹೊತ್ತು ಕಳೆಯುವ ಆಟವಾಗಿರಲಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದಿನ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಂದಕ್ಕೆ ಒಂದೂಮುಕ್ಕಾಲು ಆಣೆಯಾದರೆ ಹನ್ನೆರಡಕ್ಕೆ ಎಷ್ಟು? ಇಪ್ಪತ್ತೊಂದು ಆಣೆ, ಅಂದರೆ ಒಂದು ರೂಪಾಯಿ ಐದಾಣೆ. ಇದನ್ನು ಅಂಗಡಿ ಮುಂದೆ ನಿಂತೇ ಹೇಳಬೇಕಿತ್ತು. ಕಾಲು, ಅರೆ, ಮುಕ್ಕಾಲು, ಒಂದೂವರೆಯ ಮಗ್ಗಿಗಳು ಬಾಯಲ್ಲಿ ನಿಂತದ್ದು ಅದಕ್ಕಾಗಿಯೇ. ಮೈಸೂರು ರಾಜ್ಯಕ್ಕೆ ಸೇರಿ ಐದು ತಿಂಗಳಾಗುವಷ್ಟರಲ್ಲಿ, 1957ರ ಏಪ್ರಿಲ್ 1ರಂದು, ನೂರು ನಯಾಪೈಸೆಯ ರೂಪಾಯಿ ಬಂತು. ಲೆಕ್ಕ ಹಗುರಾಯಿತು, ಭಿನ್ನದ ಮಗ್ಗಿಗಳು ಒಂದೊಂದಾಗಿ ಶಾಲೆಯಿಂದ ಮರೆಯಾದವು. ಆ ಮಗ್ಗಿ ಬಾಯಿಗೆ ಬರುತ್ತಿದ್ದವರಿಗೆ ಮಾವಿನ ರಾಶಿಯ ‘ಕಾಲು’, ‘ಅರ್ಧ’ ತಡವರಿಸುವ ಹಂತಗಳೇ ಅಲ್ಲ. ಇಂದಿನ ಮಗು ಅಲ್ಲೇ ನಿಲ್ಲುತ್ತದೆ. ಇದು ನಿಜವಾದ ನಷ್ಟ.

ಈ ಬಾಯಿಲೆಕ್ಕಗಳ ಪಕ್ಕದಲ್ಲಿ, ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಸಿಕೊ ಎಂದು ಶುರುವಾಗುವ ಆಟವನ್ನು ಇಡಬೇಕು. ನೆನೆಸಿದ್ದನ್ನು ಎರಡರಿಂದ ಗುಣಿಸು, ಹತ್ತು ಕೂಡು, ಅರ್ಧ ಮಾಡು, ನೆನೆಸಿದ್ದನ್ನು ಕಳೆ. ಯಾರೇ ಏನೇ ನೆನೆಸಿದರೂ ಉತ್ತರ ಐದು. ಮಕ್ಕಳ ಕಣ್ಣರಳಿಸುವ ಆಟ, ಮೊದಲ ಸಲಕ್ಕೆ ಸೊಗಸೇ. ಆದರೆ ಇದರಲ್ಲಿ ಮಗು ಹೇಳಿದ್ದನ್ನು ಮಾಡುತ್ತದೆಯೇ ಹೊರತು ಯೋಚಿಸುವುದಿಲ್ಲ. ಯಾಕೆ ಐದೇ ಬಂತು ಎಂಬ ಪ್ರಶ್ನೆ ಎತ್ತಿದಾಗ ಮಾತ್ರ ಆಟ ಪಾಠವಾಗುತ್ತದೆ. ಹತ್ತರ ಬದಲು ಹದಿನಾಲ್ಕು ಕೂಡಿಸಿ ನೋಡು ಎಂದರೆ ಏಳು ಬರುತ್ತದೆ. ಅಲ್ಲಿಂದ ಬೀಜಗಣಿತಕ್ಕೆ ಎರಡೇ ಹೆಜ್ಜೆ. ಬಹುತೇಕ ಕಡೆ ಆಟ ಆ ಪ್ರಶ್ನೆಗೆ ಮುಂಚೆಯೇ ಮುಗಿಯುತ್ತದೆ.

ಮೊಬೈಲಿನಲ್ಲಿ ಹರಿದಾಡುವ ಹಣ್ಣಿನ ಚಿತ್ರದ ಲೆಕ್ಕಗಳು ಅದಕ್ಕೂ ಕೆಳಗೆ ನಿಲ್ಲುತ್ತವೆ. ಮೇಲಿನ ಸಾಲಿನ ಗೊನೆಯಲ್ಲಿ ನಾಲ್ಕು ಬಾಳೆಹಣ್ಣು, ಕೆಳಗಿನದರಲ್ಲಿ ಮೂರು. ಅದನ್ನು ಗಮನಿಸದವರು ಸೋತರು. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಕಣ್ಣು. 2019ರಲ್ಲಿ ಜಗತ್ತಿನಾದ್ಯಂತ ಜಗಳ ಎಬ್ಬಿಸಿದ ಒಂದು ಸಾಲು ಇನ್ನೂ ಕೆಟ್ಟದ್ದು: ಎಂಟನ್ನು ಎರಡರಿಂದ ಭಾಗಿಸಿ, ಗುಣಾಕಾರದ ಚಿಹ್ನೆಯಿಲ್ಲದೆ ಪಕ್ಕದಲ್ಲೇ ಆವರಣದೊಳಗೆ ಎರಡು ಕೂಡಿಸು ಎರಡು ಎಂದು ಬರೆದದ್ದು. ಹದಿನಾರು ಎಂದವರೂ ಒಂದು ಎಂದವರೂ ಪಟ್ಟು ಬಿಡಲಿಲ್ಲ. ಬರೆದ ಸಾಲೇ ಎರಡು ಅರ್ಥಕ್ಕೆ ಎಡೆ ಕೊಟ್ಟಿರುವಾಗ ಓದಿದವರನ್ನು ದಡ್ಡರೆನ್ನುವುದು ಅನ್ಯಾಯ. ಸಾವಿರ ವರ್ಷಕ್ಕೂ ಹಿಂದೆ ಮಹಾವೀರಾಚಾರ್ಯ ತಪ್ಪಿಸಿದ್ದ ಹಳ್ಳಕ್ಕೆ ಇದು ನೇರವಾಗಿ ಹೋಗಿ ಬಿದ್ದಿದೆ.

ಬಾಯಿಲೆಕ್ಕ ಎಂದೊಡನೆ ಜನ ನೆನೆಯುವುದು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಅವರು 28 ಸೆಕೆಂಡುಗಳಲ್ಲಿ ಗುಣಿಸಿದರು. ಅದು ಅಸಾಧಾರಣ ಸಾಧನೆ. ಆದರೆ ಅಲ್ಲಿನ ಸೂಚನೆ ಒಂದೇ: ಗುಣಿಸು. ಹಂತಹಂತದ ಲೆಕ್ಕಕ್ಕೆ ಹತ್ತಿರದ ಕನ್ನಡ ಕಲೆಯೆಂದರೆ ಅವಧಾನದ ಸಂಖ್ಯಾಬಂಧ. ಶತಾವಧಾನಿ ಆರ್. ಗಣೇಶ್ ಅವರಿಂದ ಕನ್ನಡದಲ್ಲಿ ಮತ್ತೆ ಜೀವ ತುಂಬಿಕೊಂಡ ಈ ಕಲೆಯಲ್ಲಿ ಪ್ರಶ್ನೆ ಕೇಳುವ ಪೃಚ್ಛಕರು ಒಂದು ಮೊತ್ತ ಕೊಡುತ್ತಾರೆ. ಐದು ಸಾಲು, ಐದು ಕಂಬದ ಇಪ್ಪತ್ತೈದು ಮನೆಗಳು ಅಡ್ಡಕ್ಕೂ ಉದ್ದಕ್ಕೂ ಆ ಮೊತ್ತಕ್ಕೇ ಕೂಡಬೇಕು. ಮನೆಗಳನ್ನು ಕೇಳುವುದು ಕ್ರಮವಾಗಿ ಅಲ್ಲ. ನಡುನಡುವೆ, ಯಾವುದೋ ಪದ್ಯದ ಅರ್ಧದಲ್ಲಿ, ಗಮನ ಕೆಡಿಸಲೆಂದೇ ಕೂತ ಅಪ್ರಸ್ತುತ ಪ್ರಸಂಗಿಯ ಹರಟೆಯ ಮಧ್ಯೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ. ಯಾವ ಮನೆ ಕೇಳಿದರು, ಯಾವುದು ಬಾಕಿ ಎಂಬ ನೆನಪು ಇಲ್ಲಿ ಕೂಡುವ ಚುರುಕಿಗಿಂತ ಹೆಚ್ಚು ಬೆಲೆಯದು. ಸಾಮಾನ್ಯರ ನೆನಪು ಒಮ್ಮೆಗೆ ಏಳರ ಆಚೀಚೆಯಷ್ಟು ಸಂಗತಿಗಳನ್ನು ಹಿಡಿಯುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ. ಮಾವಿನ ರಾಶಿಗೆ ಐದು ಹಂತ, ಹೂವಿನ ಲೆಕ್ಕಕ್ಕೆ ಆರು. ಈ ಎರಡೂ ಲೆಕ್ಕಗಳು ಆ ಗಡಿ ದಾಟದಿರುವುದು ಗಮನಿಸಬೇಕಾದ ಸಂಗತಿ.

ಈಗಿನ ಪರೀಕ್ಷೆಗಳು ಅಳೆಯುವುದು ಬೇರೆಯೇ ಶಕ್ತಿಯನ್ನು. ಹೊಂಡರಬಾಳಿನ ನವೋದಯ ವಿದ್ಯಾಲಯಕ್ಕೆ ಆರನೆಯ ತರಗತಿಗೆ ಸೇರಬಯಸುವ ಮಗು ಎರಡು ಗಂಟೆಯಲ್ಲಿ 80 ಪ್ರಶ್ನೆ ಮುಗಿಸಬೇಕು; ಪ್ರಶ್ನೆಗೆ ಒಂದೂವರೆ ನಿಮಿಷ. ಎಂಟನೆಯ ತರಗತಿಯವರ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಒಂದೊಂದು ಪತ್ರಿಕೆಯಲ್ಲೂ 90 ನಿಮಿಷಕ್ಕೆ 90 ಪ್ರಶ್ನೆ. ಹನೂರು ಸೀಮೆಯ ಬಡ ಮನೆಗಳ ಮಕ್ಕಳಿಗೆ ಇವು ತೆರೆಯುವ ಬಾಗಿಲು ದೊಡ್ಡದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಅಲ್ಲಿ ಪ್ರಶ್ನೆ ಅಚ್ಚಾಗಿ ಕಣ್ಣೆದುರೇ ಇರುತ್ತದೆ, ಉತ್ತರಗಳೂ ನಾಲ್ಕು ಸಾಲಾಗಿ ಕಾದಿರುತ್ತವೆ. ಒಂದೇ ಸಲ ಕೇಳಿ, ಮನಸ್ಸಿನಲ್ಲಿ ಹಿಡಿದು, ಕ್ರಮ ತಪ್ಪದೆ ಬಿಡಿಸುವ ಶಕ್ತಿಗೆ ಅಂಕವಿಲ್ಲ.

ಆ ಶಕ್ತಿ ಬೇಕಾಗುವುದು ಹೊಲದ ಬದುವಿನಲ್ಲಿ. ಮುಸುಕಿನ ಜೋಳ ಕೊಳ್ಳಲು ಬಂದವರು ಬಾಯಲ್ಲೇ ಹೇಳುತ್ತಾರೆನ್ನಿ: ಹನ್ನೆರಡು ಚೀಲ, ಚೀಲ ಅರವತ್ತು ಕೆಜಿ, ತೂಕದಲ್ಲಿ ಒಂದು ಕೆಜಿ ಕಳೆ, ಕ್ವಿಂಟಾಲಿಗೆ ಎರಡು ಸಾವಿರ, ಹಮಾಲಿ ಚೀಲಕ್ಕೆ ಹತ್ತು. ಒಂದು ಕೆಜಿ ಕಳೆಯುವುದು ಪ್ರತಿ ಚೀಲಕ್ಕಾದರೆ 708 ಕೆಜಿ ಉಳಿದು, ಕೈಗೆ ಬರುವುದು 14,040 ರೂಪಾಯಿ. ಒಟ್ಟು ತೂಕಕ್ಕೆ ಒಂದೇ ಸಲವಾದರೆ 719 ಕೆಜಿ, 14,260 ರೂಪಾಯಿ. ಇನ್ನೂರ ಇಪ್ಪತ್ತು ರೂಪಾಯಿಯ ಅಂತರ ನಿಂತಿರುವುದು ‘ಚೀಲಕ್ಕಾ, ಒಟ್ಟಿಗಾ’ ಎಂದು ಕೇಳುವುದರ ಮೇಲೆ.

ಅಕ್ಷರ ಫೌಂಡೇಷನ್ನಿನ ಜತೆಗೂಡಿ ರಾಜ್ಯದಲ್ಲಿ ನಡೆದುಬಂದಿರುವ ಗಣಿತ ಕಲಿಕಾ ಆಂದೋಲನದಡಿ ನಾಲ್ಕು, ಐದು, ಆರನೆಯ ತರಗತಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳಾಗುತ್ತವೆ. ಊರಿನವರ ಎದುರಿಗೇ ನಡೆಯುವುದು ಅವುಗಳ ಹೆಚ್ಚುಗಾರಿಕೆ. ಅಲ್ಲಿ ಲಿಖಿತ ಪ್ರಶ್ನೆಗಳ ಜತೆಗೆ ಒಂದು ಬಾಯಿಲೆಕ್ಕದ ಸುತ್ತೂ ಇರಬೇಕು. ಮೇಷ್ಟ್ರು ಲೆಕ್ಕವನ್ನು ನಿಧಾನವಾಗಿ ಎರಡು ಸಲ ಓದಲಿ. ಮಗು ಮೊದಲು ಲೆಕ್ಕವನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ, ಆಮೇಲೆ ಉತ್ತರ ಹೇಳಲಿ. ತಿರುಗಿ ಹೇಳಿದ್ದಕ್ಕೂ ಅರ್ಧ ಅಂಕ ಇರಲಿ. ಹೂವಿನ ಲೆಕ್ಕವನ್ನು ಒಂದು ಮಗುವಿಗೆ ಕೊಳ ಮೊದಲು, ಮುಂದಿನ ಮಗುವಿಗೆ ಗುಡಿ ಮೊದಲು ಎಂದು ಕೇಳಿ, ‘ಆದಷ್ಟು ಕಡಿಮೆ ಹೂವು’ ಎಂಬುದನ್ನು ಮರೆಯದೆ ಸೇರಿಸಿದರೆ, ಪಕ್ಕದವರ ಉತ್ತರ ಕದ್ದು ಕೇಳಿಸಿಕೊಂಡು ಎಂಟು ಎಂದುಬಿಡುವ ದಾರಿಯೂ ಮುಚ್ಚಿಹೋಗುತ್ತದೆ.