ಹೆಣಿಗೆಯ ಹೆಸರು, ಹೆಣೆದವರ ದುಡಿಮೆ

ಟ್ಯಾಪೆಸ್ಟ್ರಿ ಕ್ರೋಶೆ ಎಂಬುದು ಮೂಲತಃ ಒಂದು ತಂತ್ರದ ಹೆಸರು. ಕೊಕ್ಕೆಕಡ್ಡಿಯಿಂದ ಹೆಣೆಯುವಾಗ ಸದ್ಯಕ್ಕೆ ಬೇಡವಾದ ಬಣ್ಣದ ನೂಲನ್ನು ಕತ್ತರಿಸದೆ ಕುಣಿಕೆಗಳ ಒಳಗೇ ಸಾಗಿಸಿ, ಬೇಕಾದೆಡೆ ಹೊರತಂದು ಚಿತ್ತಾರ ಮೂಡಿಸುವುದು ಅದರ ಲಕ್ಷಣ. ಗ್ವಾಟೆಮಾಲಾದ ಗಂಡಸರು ಹೆಣೆಯುವ ಹೆಗಲಚೀಲ, ಕೊಲಂಬಿಯಾದ ವಾಯೂ ಮಹಿಳೆಯರ ‘ಸುಸು’ ಚೀಲ ಎರಡೂ ಈ ಶೀರ್ಷಿಕೆಯಡಿ ಬರುತ್ತವೆ. ತಂತ್ರದಲ್ಲಿ ಸಾಮ್ಯವಿರುವುದು ನಿಜ. ಅದನ್ನೇ ಪರಂಪರೆಯ ಸಾಮ್ಯವೆಂದು ಓದಿದರೆ, ಒಂದೆಡೆ ಗಂಡಸರದಾದ ಕೈಕೆಲಸ ಇನ್ನೊಂದೆಡೆ ಹೆಂಗಸರದೇಕಾಯಿತು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈ ಪ್ರಶ್ನೆಯನ್ನು ಎತ್ತಲು ನೆರವಾಗುವ ಕೃತಿ ಆಂಧ್ರವನ್ನೇ ಕುರಿತದ್ದು: ಮರಿಯಾ ಮೀಸ್ ಅವರ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’ (1982). ಗೋದಾವರಿ ಸೀಮೆಗೆ ಕ್ರೈಸ್ತ ಮಿಷನರಿಗಳ ಮೂಲಕ ಬಂದ ಈ ಕ್ರೋಶೆ ಲೇಸು ಬಹುವರ್ಣದ ಟ್ಯಾಪೆಸ್ಟ್ರಿ ಹೆಣಿಗೆಯಲ್ಲ. ಆದರೂ ಮೀಸ್ ಅವರ ವಾದ ಇಲ್ಲಿ ಪ್ರಸ್ತುತ. ಹೆಣೆಯುವವರನ್ನು ‘ಗೃಹಿಣಿಯರು’ ಎಂದು ಕರೆದುದರಿಂದಲೇ ಅವರ ದುಡಿಮೆ ಬಿಡುವಿನ ಕೆಲಸವೆನಿಸಿತು, ಕೂಲಿ ಕುಗ್ಗಿತು, ರಫ್ತಿನ ಲಾಭ ವ್ಯಾಪಾರಿಗಳ ಪಾಲಾಯಿತು. ಕೃತಿಗೊಂದು ಮಿತಿಯೂ ಇದೆ. ಉತ್ಪಾದನಾ ಸಂಬಂಧಗಳ ಮೇಲೆಯೇ ಅದರ ಗಮನ ನೆಟ್ಟಿರುವುದರಿಂದ, ಬೆರಳುಗಳು ಬಲ್ಲ ಲೆಕ್ಕವೂ ವಿನ್ಯಾಸದ ವಿವೇಕವೂ ಹಿನ್ನೆಲೆಗೆ ಸರಿಯುತ್ತವೆ. ಕರಕುಶಲ ಬರಹಗಳು ದುಡಿಮೆಯನ್ನು ಬಿಟ್ಟು ಚಿತ್ತಾರವನ್ನು ನೋಡಿದರೆ, ಮೀಸ್ ಚಿತ್ತಾರವನ್ನು ಬದಿಗಿಟ್ಟು ದುಡಿಮೆಯನ್ನು ನೋಡುತ್ತಾರೆ.

ಸಿ. ಬೆಳಗಲ್, ಆದೋನಿಗಳಂಥ ಗಡಿಸೀಮೆಯ ಅಧ್ಯಯನಕ್ಕೆ ಎರಡೂ ದೃಷ್ಟಿಗಳು ಬೇಕು. ಇಲ್ಲಿ ನಮ್ಮ ಮುಂದಿರುವ ನಿದರ್ಶನ ಕ್ರೋಶೆಯಲ್ಲ, ಕೌದಿ: ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಸಾಲುಹೊಲಿಗೆ ಹಾಕಿದ ಹೊದಿಕೆ. ತೆಲುಗಿನಲ್ಲಿ ಇಂಥದ್ದಕ್ಕೆ ಬೊಂತ ಎನ್ನುತ್ತಾರೆ. ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ರಚನೆಯಾದಾಗ ಗಡಿ ಬದಲಾಯಿತು. ರಾಜ್ಯವಾರು, ಭಾಷಾವಾರು ಪಟ್ಟಿಗಳನ್ನೇ ನೆಚ್ಚಿದರೆ ಕೌದಿಯೂ ಬೊಂತವೂ ಎರಡು ಬೇರೆ ಕಲೆಗಳೆಂದು ದಾಖಲಾಗುವ ಅಪಾಯವಿದೆ. ದೂರದ ಎರಡು ಸಮಾಜಗಳ ಕೆಲಸವನ್ನು ಒಂದು ಇಂಗ್ಲಿಷ್ ಹೆಸರು ಒಂದಾಗಿಸಿದಂತೆಯೇ, ನೆರೆಮನೆಗಳ ಒಂದೇ ಕೆಲಸವನ್ನು ಎರಡು ಹೆಸರುಗಳು ಬೇರ್ಪಡಿಸಬಲ್ಲವು.

ಆದ್ದರಿಂದ ತೌಲನಿಕ ಅಧ್ಯಯನ ವಸ್ತುವಿನ ಹೆಸರಿನಿಂದಲ್ಲ, ಕ್ರಿಯೆಯಿಂದ ಆರಂಭವಾಗಬೇಕು. ಹೊಲಿಗೆಯ ಕ್ರಮ ಯಾವುದು? ಯಾರು ಯಾರಿಗೆ ಕಲಿಸಿದರು? ಹೊಲಿದದ್ದು ಮನೆಬಳಕೆಗೋ, ಕೂಲಿಗೋ, ಮುಯ್ಯಿಗೋ? ಎರಡೂ ಭಾಷೆಗಳ ಹೆಸರುಗಳೊಂದಿಗೆ ಇವಕ್ಕೆ ಉತ್ತರವನ್ನೂ ಬರೆದಿಡದ ದಾಖಲೆಯಲ್ಲಿ ಬಟ್ಟೆ ಉಳಿದೀತು, ಹೊಲಿದವಳು ಉಳಿಯಲಾರಳು.